ಇದ್ದಿಲ ಡಬ್ಬಿಯ ಮೂರನೇ ಬಾಯಿ

ನಮ್ಮ ಮನೆಯಲ್ಲಿ ಜಗಳ ತುಳುವಿನಲ್ಲಿ, ವಾದ ಕನ್ನಡದಲ್ಲಿ. ಶಾಲೆಯ ಚರ್ಚಾಸ್ಪರ್ಧೆಗೆ ನಾನು ಅಡುಗೆಮನೆಯಲ್ಲಿ ನಿಂತು ತಾಲೀಮು ಮಾಡುತ್ತಿದ್ದ ಕಾಲದಿಂದ ಬಂದ ಪದ್ಧತಿ ಇದು. ಆಗ ಎದುರು ಪಕ್ಷ ಅಮ್ಮ. ತೆಂಗಿನಕಾಯಿಯ ಜೊತೆಗೆ ನನ್ನ ಎಷ್ಟೋ ವಾದಗಳನ್ನೂ ತುರಿದು ಹಾಕಿದ್ದಾಳೆ. ಆದ್ದರಿಂದ ಅಮ್ಮ ಇದ್ದಕ್ಕಿದ್ದ ಹಾಗೆ ಕನ್ನಡಕ್ಕೆ ತಿರುಗಿದರೆ ವಿಷಯ ಗಂಭೀರ ಅಂತಲೇ ಲೆಕ್ಕ.

"ಆ ಕಾರಿನಲ್ಲಿ ನಾನು ಕೂರುವುದಿಲ್ಲ. ಪೆಟ್ರೋಲ್ ವಾಸನೆಗೆ ತಲೆ ಸಿಡಿಯುತ್ತದೆ. ವಾಸನೆ ಹೋಗಬೇಕು, ಇಲ್ಲವಾ ಕಾರು ಹೋಗಬೇಕು." ಇದನ್ನು ಅವಳು ಹೇಳಿದ್ದು ಶುದ್ಧ ಕನ್ನಡದಲ್ಲಿ.

ಕಾರು ಅಪ್ಪನದು. ಗಲ್ಫಿನ ಪೆಟ್ರೋಲ್ ಬಂಕಿನ ಕೆಲಸ ಮುಗಿಸಿ ಬಂದವರೇ ಬಂದರಿನ ಒಣಮೀನಿನ ಗೋದಾಮಿನಲ್ಲಿ, ಗೋಣಿಗಳ ಹಿಂದೆ, ವರ್ಷಗಟ್ಟಲೆ ನಿಂತಿದ್ದ ಹಳೇ ಜಪಾನಿ ಕಾರೊಂದನ್ನು ಮನೆಗೆ ತಂದರು. ಅದು ನನಗಿಂತ ಹಿರಿಯದು. ಗಲ್ಫಿನಲ್ಲಿ ಕಂಪನಿ ಗಾಡಿಯಲ್ಲಿ ಒಬ್ಬರೇ ಓಡಾಡುವಾಗ ಪಕ್ಕದ ಸೀಟಿನಲ್ಲಿ ಊಟದ ಬುತ್ತಿ ಇಡುತ್ತಿದ್ದರಂತೆ. ಇಲ್ಲಿ ಆ ಜಾಗದಲ್ಲಿ ಅಮ್ಮ ಕೂರಬೇಕು, ಇಷ್ಟೇ ಆಸೆ. ಬಾಯಿಬಿಟ್ಟು ಹೇಳಿದವರಲ್ಲ. ಆದರೆ ಆ ಒಂದು ಸೀಟಿಗೆ ಮಾತ್ರ ಹೊಸ ಕವರ್ ಹೊಲಿಸಿದ್ದರು. ತಮ್ಮದು ಹರಿದದ್ದೇ ಇತ್ತು. ನಾನು ಪುರಾವೆ ಇಲ್ಲದೆ ಏನನ್ನೂ ನಂಬುವವಳಲ್ಲ, ಇದನ್ನು ನಂಬಿದೆ.

ವಾಸನೆಯ ಕಥೆ ಶುರುವಾದದ್ದು ಕಾರ್ಬುರೇಟರಿನಿಂದ, ಎಂಜಿನ್ನಿಗೆ ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಕೊಡುವ ಭಾಗದಿಂದ. ಹಳೆಯದು ಸವೆದಿತ್ತು, ಅದರ ಜೋಡಿ ಎಲ್ಲೂ ಸಿಗಲಿಲ್ಲ. ಕೊಟ್ಟಾರದ ಮೆಕ್ಯಾನಿಕ್ ಬೇರೆ ಕಂಪನಿಯದೊಂದನ್ನು ಕೂರಿಸಿದರು. ಎಂಜಿನೇನೋ ಓಡಿತು. ಆದರೆ ಬಾನೆಟ್ಟಿನ ಮೂಲೆಯಲ್ಲಿದ್ದ ಕಪ್ಪು ಡಬ್ಬಿ ಅನಾಥವಾಯಿತು. ಅದರೊಳಗೆ ಇದ್ದಿಲು, ಮೇಲೆ ಮೂರು ಬಾಯಿ. ಟ್ಯಾಂಕಿನಲ್ಲಿ ಏಳುವ ಆವಿ ಒಂದು ಪೈಪಿನಲ್ಲಿ ಬಂದು ಇದ್ದಿಲಿಗೆ ಅಂಟಿಕೊಳ್ಳುತ್ತದೆ. ಗಾಡಿ ಓಡುವಾಗ ಎಂಜಿನ್ ಅದನ್ನು ಎರಡನೇ ಪೈಪಿನಿಂದ ಎಳೆದು ಸುಡುತ್ತದೆ. ಮೂರನೆಯದು ಹಳೇ ಕಾರ್ಬುರೇಟರಿನ ಹೊಟ್ಟೆಯ ಆವಿಯನ್ನು ತರುತ್ತಿದ್ದದ್ದು. ಹೊಸ ಕಾರ್ಬುರೇಟರಿನಲ್ಲಿ ಈ ಮೂರನೆಯ ನೆಂಟಸ್ತಿಕೆಗೆ ಜಾಗವೇ ಇರಲಿಲ್ಲ; ಮೆಕ್ಯಾನಿಕ್ ಮೂರು ಪೈಪನ್ನೂ ಹಾಗೇ ಬಿಟ್ಟಿದ್ದರು.

"ಎಂತಕ್ಕೆ ಮಾರಾಯ್ರೆ ಈ ಡಬ್ಬಿ? ಬಿಸಾಡುವ," ಎಂದರು ಮೆಕ್ಯಾನಿಕ್. ಅಪ್ಪ ಬಿಸಾಡಲು ಬಿಡಲಿಲ್ಲ, ಮನೆಗೆ ಬಂದು ಟ್ಯಾಂಕಿನ ಪೈಪಿಗೆ ಒಂದು ಬೋಲ್ಟ್ ಜಡಿದರು. ಮುಚ್ಚಿದ ಮೇಲೆ ವಾಸನೆ ಎಲ್ಲಿಂದ ಬರುತ್ತದೆ ಎಂಬುದು ಅವರ ತರ್ಕ. ನಮ್ಮ ಕಂಕನಾಡಿಯ ಮಧ್ಯಾಹ್ನದ ಬಿಸಿಲಿನಲ್ಲಿ ನಿಂತ ಗಾಡಿಯ ಟ್ಯಾಂಕ್ ಮುಚ್ಚಳ ತಿರುಗಿಸಿದರೆ ಒಳಗೆ ಕಟ್ಟಿಕೊಂಡಿದ್ದ ಆವಿ 'ಬುಸ್ಸ್' ಎಂದು ಹಾವಿನ ಹಾಗೆ ಎದ್ದಿತು.

"ಅಪ್ಪ, ಕಡುಬು ಬೇಯಿಸುವ ಪಾತ್ರೆಯ ಮುಚ್ಚಳಕ್ಕೆ ಬೋಲ್ಟ್ ಹಾಕ್ತೀರಾ?"

"ನೀನು ಎಂಜಿನಿಯರಾ?"

"ಅಲ್ಲ. ಕಡುಬು ತಿನ್ನುವವಳು."

ಬೋಲ್ಟ್ ಹೋಯಿತು, ಪೈಪು ಡಬ್ಬಿಗೆ ವಾಪಸು ಬಂತು. ಎರಡನೆಯದನ್ನು ಅಪ್ಪ ಕಾರ್ಬುರೇಟರಿನ ಬುಡದಲ್ಲಿದ್ದ ಮೂತಿಗೆ ಸಿಕ್ಕಿಸಿದರು. ಅಲ್ಲಿ ಎಂಜಿನ್ ಸದಾ ಎಳೆಯುತ್ತಲೇ ಇರುತ್ತದೆ. ನಿಂತಲ್ಲೇ ಆವಿ ಕುಡಿದು ಕುಡಿದು ಗಾಡಿ ಮದುವೆ ಮನೆಯಿಂದ ಹೊರಬಿದ್ದ ಮಾವನ ಹಾಗೆ ತೂರಾಡಿತು. ಆಮೇಲೆ ಸ್ವಲ್ಪ ಮೇಲೆ ಖಾಲಿಯಿದ್ದ ಇನ್ನೊಂದು ಮೂತಿಗೆ ಬದಲಿಸಿದರು. ಅದು ಎಳೆಯುವುದು ಆಕ್ಸಿಲರೇಟರ್ ಒತ್ತಿದಾಗ ಮಾತ್ರ. ಗಾಡಿ ಸಭ್ಯವಾಯಿತು.

"ವಾಸನೆ ಇಲ್ಲ ಈಗ," ಎಂದು ಅಪ್ಪ ತೀರ್ಪು ಕೊಟ್ಟರು.

"ಅಷ್ಟು ವರ್ಷ ಬಂಕಿನಲ್ಲಿ ನಿಂತ ಮೂಗು ನಿಮ್ಮದು. ಆ ಸಾಕ್ಷಿ ನಡೆಯುವುದಿಲ್ಲ," ಎಂದೆ ನಾನು.

ನನ್ನ ಸಾಕ್ಷಿಯೂ ನಡೆಯುವಂತಿರಲಿಲ್ಲ. ಸೀಟಿನ ಸ್ಪಂಜಿನೊಳಗೆ ಸೇರಿಕೊಂಡಿದ್ದ ಒಣಮೀನಿನ ವಾಸನೆ ಯಾವುದು, ಪೆಟ್ರೋಲ್ ಯಾವುದು ಅಂತ ನನಗೆ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ನಂಬಬಹುದಾದ ಮೂಗು ಒಂದೇ. ಬಂದರಿನಲ್ಲಿ ಬಂಗುಡೆ ಮೀನಿನ ಕಿವಿರು ಎತ್ತಿ ಮೂಸಿ ಅಮ್ಮ "ನಿನ್ನೆಯದು" ಅಂದರೆ ಮಾರುವವಳು ಮರುಮಾತಾಡುವುದಿಲ್ಲ, ಬೇರೆ ಬುಟ್ಟಿ ಎಳೆಯುತ್ತಾಳೆ.

"ಆರೋಪ ನಿನ್ನದು, ಸಾಬೀತು ಮಾಡುವ ಹೊಣೆಯೂ ನಿನ್ನದೇ," ಎಂದೆ ಅಮ್ಮನಿಗೆ.

"ನನಗೆ ತಲೆನೋವು ಬರ್ತದೆ ಅಂತ ನಾನು ಸಾಬೀತು ಮಾಡಬೇಕಾ? ಎಂತ ಹುಡುಗಿ ಮಾರಾಯ್ತಿ ನೀನು!"

"ಎಲ್ಲಿಂದ ಬರ್ತದೆ ಅಂತ ತೋರಿಸಿದರೆ ಸಾಕು."

ಸೋಲುವ ಹೆದರಿಕೆ ಇಲ್ಲದವಳು, ಬಂದಳು. ಬಾನೆಟ್ಟಿನೊಳಗೆ ಬಗ್ಗಿ, ಕಿವಿರು ಎತ್ತಿದ ಹಾಗೆಯೇ ಒಂದೊಂದು ಪೈಪನ್ನು ಎರಡು ಬೆರಳಲ್ಲಿ ಎತ್ತಿ ಮೂಸಿದಳು. ಅಪ್ಪ ಮೀನು ಮಾರುವವರ ಹಾಗೆ ತೀರ್ಪಿಗೆ ಕಾದು ಪಕ್ಕದಲ್ಲಿ ನಿಂತಿದ್ದರು.

"ಇದು ಅಡ್ಡಿಯಿಲ್ಲ. ಇದೂ ಅಡ್ಡಿಯಿಲ್ಲ." ಮೂರನೆಯದಕ್ಕೆ ಮುಖ ಕಿವುಚಿದಳು. "ಥೂ! ಇದು ನಿನ್ನೆಯದು."

"ಅದು ಹಳೇ ಕಾರ್ಬುರೇಟರಿನ ಪೈಪು," ಎಂದರು ಅಪ್ಪ. "ಎಲ್ಲಿಗೂ ಸೇರಿಸಿಯೇ ಇಲ್ಲ. ಅದರಿಂದ ಎಂತ ಬರ್ತದೆ?"

"ಎಲ್ಲಿಗೂ ಸೇರದ ಬಾಯಿಯಿಂದಲೇ ಅಲ್ವಾ ಎಲ್ಲ ಹೊರಗೆ ಬರುವುದು?" ಎಂದು ಅಮ್ಮ ನನ್ನನ್ನು ನೋಡಿದಳು.

ಸರಿಯಾಗಿಯೇ ಹೇಳಿದ್ದಳು, ಪೈಪಿನ ಬಗ್ಗೆಯೂ ನನ್ನ ಬಾಯಿಯ ಬಗ್ಗೆಯೂ. ಟ್ಯಾಂಕಿನಿಂದ ಡಬ್ಬಿಗೆ ಬಂದ ಆವಿಗೆ, ಇದ್ದಿಲಿಗೆ ಅಂಟುವ ಮೊದಲೇ ಹೊರಬೀಳಲು, ಆ ತೆರೆದ ಬಾಯಿ ಬಾಗಿಲಾಗಿತ್ತು. ಅಪ್ಪ ಪೈಪು ಕಿತ್ತು ಆ ಬಾಯಿಗೆ ರಬ್ಬರ್ ಟೊಪ್ಪಿ ಹಾಕಿ ಕ್ಲಿಪ್ ಬಿಗಿದರು. ಉತ್ಸಾಹದಲ್ಲಿ ಡಬ್ಬಿಯ ಅಡಿಯ ಗಾಳಿತೂತನ್ನೂ ಮುಚ್ಚಲು ಹೊರಟಾಗ ನಾನು ಕೈ ಹಿಡಿದೆ. ಇದ್ದಿಲಿಗೆ ಉಸಿರು ಬೇಡವಾ?

ಮರುದಿನ ಗಾಜು ಏರಿಸಿ ಗಾಡಿಯನ್ನು ಬಿಸಿಲಿನಲ್ಲಿ ನಿಲ್ಲಿಸಿದೆವು. ಊಟದ ಹೊತ್ತಿಗೆ ಅಮ್ಮ ಬಾಗಿಲು ತೆರೆದು ತಲೆ ಒಳಗೆ ಹಾಕಿದಳು. ಮನೆಯೊಳಗೆ ಹೋದಳು. ಅಪ್ಪನ ಮುಖ ಇಳಿಯಿತು. ಅವಳು ಹೊರಗೆ ಬಂದಾಗ ಕೈಯಲ್ಲಿ ಮೀನಿನ ಚೀಲ ಇತ್ತು.

"ಬಂದರಿಗೆ," ಎಂದು ಹೊಸ ಕವರಿನ ಸೀಟಿನಲ್ಲಿ ಕೂತಳು. ಅಪ್ಪ ಕೀಲಿ ಹುಡುಕಿದರು. ಅದು ಅವರ ಕೈಯಲ್ಲೇ ಇತ್ತು.

ಮೊದಲ ಸಿಗ್ನಲಿನಲ್ಲಿ ಅಮ್ಮ ಮೂಗು ಅರಳಿಸಿದಳು. "ವಾಸನೆ ಉಂಟು."

ಅಪ್ಪನ ಕೈ ಗೇರಿನ ಮೇಲೆ ನಿಂತುಬಿಟ್ಟಿತು. "ಎಂತದ್ದು?"

"ಒಣಮೀನಿನದ್ದು."

ನಾನು ಹಿಂದಿನ ಸೀಟಿನಿಂದ ಮುಂದೆ ಬಗ್ಗಿದೆ. "ಷರತ್ತು ನೆನಪಿರಲಿ ಅಮ್ಮ. ವಾಸನೆ ಹೋಗಬೇಕು ಅಂತ ನೀನೇ ಅಂದಿದ್ದೆ. ಯಾವ ವಾಸನೆ ಅಂತ—"

ಬಾಯಿ ಮುಚ್ಚಿ ಕೂತ್ಕೋ ಎಂದಳು. ತುಳುವಿನಲ್ಲಿ. ವಾದ ಮುಗಿದಿತ್ತು. ಹಿಂದಿನವರು ಹಾರ್ನ್ ಹೊಡೆದರು, ಅಪ್ಪ ಗೇರ್ ಹಾಕಿದರು, ಅಷ್ಟು ವಾಸನೆ ಇದ್ದರೂ ಅಮ್ಮ ಗಾಜು ಇಳಿಸಲೇ ಇಲ್ಲ.