ಖಾಲಿ ಬಂದ ಡಬ್ಬಿ

ಇವತ್ತು ಮುಂಜಾನೆ ಇಂಡಿ ಬಸ್ ನಿಲ್ದಾಣದಲ್ಲಿ ಕಂಡಕ್ಟರನ ಕೈಯಿಂದ ಬುತ್ತಿಯ ಡಬ್ಬಿ ಇಸಿದುಕೊಂಡೆ. ವಿಜಯಪುರದಲ್ಲಿ ಡಾಕ್ಟರಿಕೆಯ ಮೊದಲ ವರ್ಷ ಓದುತ್ತಿರುವ ನನ್ನ ಅಣ್ಣನ ಮಗಳು ಸುಮಾ ವಾಪಸು ಕಳಿಸಿದ ಡಬ್ಬಿ ಅದು. ಮನೆಗೆ ಬಂದು ಮುಚ್ಚಳ ತೆಗೆದರೆ ಎಷ್ಟು ತಿಕ್ಕಿದರೂ ಹೋಗದ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ ವಾಸನೆ, ಬೆಳ್ಳುಳ್ಳಿಯ ಸಮೇತ. ಮತ್ತೇನೂ ಇರಲಿಲ್ಲ. ತಳವನ್ನು ಬೆರಳಿನಿಂದ ಸವರಿ ಮತ್ತೊಮ್ಮೆ ನೋಡಿದೆ.

ಉಂಡ ಡಬ್ಬಿ ಖಾಲಿ ಬರದೆ ಇನ್ನು ಹೇಗೆ ಬರಬೇಕು ಎಂದು ನೀವು ಕೇಳಬಹುದು. ನಮ್ಮ ಮನೆಯ ರೂಢಿ ಬೇರೆ. ತಿನ್ನಲು ಕೊಟ್ಟವರ ಪಾತ್ರೆಯನ್ನು ಬರಿದಾಗಿ ಮರಳಿಸಬಾರದು. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಬೇಕು. ನಾನೂ ಡಾಕ್ಟರಿಕೆ ಓದುತ್ತ ಹಾಸ್ಟೆಲಿನಲ್ಲಿದ್ದಾಗ ಹಾಗೇ ಮಾಡುತ್ತಿದ್ದೆ. ಅವ್ವ ನಮ್ಮೂರು ಮಸೂತಿಯಿಂದ ಬಸ್ಸಿನಲ್ಲಿ ಖಡಕ್ ರೊಟ್ಟಿ, ಹಿಂಡಿ ಕಳಿಸಿದರೆ ನಾನು ಮೆಸ್ಸಿನ ಸಕ್ಕರೆಯನ್ನು ಕಾಗದದಲ್ಲಿ ಸುತ್ತಿ ಡಬ್ಬಿಯೊಳಗಿಟ್ಟು ಕಳಿಸುತ್ತಿದ್ದೆ. ಎಷ್ಟೋ ಸಲ ಅದು ಅವ್ವನಿಗಿಂತ ಮೊದಲು ಇರುವೆಗಳಿಗೆ ಮುಟ್ಟುತ್ತಿತ್ತಂತೆ.

ಸೀಟು ಸಿಕ್ಕ ದಿನವೇ ಊರಿಗೆಲ್ಲ ನಾನು ಡಾಕ್ಟರಾಗಿಬಿಟ್ಟಿದ್ದೆ. ದೀಪಾವಳಿಗೆ ಹೋದಾಗ ಪಕ್ಕದ ಮನೆಯ ಗೌರಾಯಿ ಕೈ ಚಾಚಿ, “ನಾಡಿ ನೋಡವಾ” ಎಂದಳು. ಅಲ್ಲಿಯ ತನಕ ನಾನು ಮುಟ್ಟಿದ್ದು ಹೆಣಗಳ ಕೈ ಮಾತ್ರ. ಅವಕ್ಕೆಲ್ಲಿಯ ನಾಡಿ! ಆದರೂ ದೊಡ್ಡ ವೈದ್ಯಳಂತೆ ಮುಂಗೈ ಹಿಡಿದು ಕಣ್ಣು ಮುಚ್ಚಿ, “ಚಲೋ ಐತಿ ಆಯಿ” ಎಂದುಬಿಟ್ಟೆ. ಮುದುಕಿ ಅದನ್ನು ಓಣಿಯೆಲ್ಲ ಹೇಳಿಕೊಂಡು ತಿರುಗಿದಳು.

ಮುಂದೆ ಅಂಗರಚನೆಯ ಪರೀಕ್ಷೆಯಲ್ಲಿ ಫೇಲಾದೆ. ಸಾಲೆಯಲ್ಲಿ ಯಾವಾಗಲೂ ಮೊದಲು ಬಂದವಳು, ಫೇಲಾಗಿ ಗೊತ್ತೇ ಇರಲಿಲ್ಲ. ಮೊದಲು ನಿದ್ದೆ ಹೋಯಿತು, ಆಮೇಲೆ ಹಸಿವು. ಕ್ಲಾಸು ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ. ಗೌರಾಯಿಗೆ ಏನು ಮುಖ ತೋರಿಸಲಿ ಎಂಬುದೊಂದೇ ತಲೆಯಲ್ಲಿ. ಇರುವುದೇ ಬೇಡ ಎಂದೂ ಅನ್ನಿಸತೊಡಗಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಡಾಕ್ಟರಾಗುವವರಿಗೆ ಜಡ್ಡು ಬರಬಾರದೆಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಅವ್ವನ ಬುತ್ತಿಯನ್ನು ರೂಮಿನ ಗೆಳತಿಯರು ಉಂಡರು. ನಾನು ಡಬ್ಬಿ ತೊಳೆದು ಬಸ್ಸಿಗೆ ಕೊಟ್ಟು ಬಂದೆ. ಸಕ್ಕರೆಯ ನೆನಪೇ ಆಗಲಿಲ್ಲ.

ಮರುದಿನ ಅವ್ವ ಹಾಸ್ಟೆಲಿನ ಬಾಗಿಲಲ್ಲಿ ನಿಂತಿದ್ದಳು.

“ಯಾಕ ಬಂದಿ ಬೇ?” ಎಂದೆ.

“ಡಬ್ಬಿ ಬರಿದ ಬಂತು. ನೀ ಮರಿಯಾಕಿ ಅಲ್ಲ.”

“ಫೇಲಾಗೇನಿ.”

“ಆಗಲಿ. ನಾ ಡಾಕ್ಟರ್ ಮಗಳನ್ನ ನೋಡಾಕ ಬಂದಿಲ್ಲ. ನನ್ನ ಬುತ್ತಿ ಉಣ್ಣೋ ಮಗಳನ್ನ ನೋಡಾಕ ಬಂದೇನಿ.”

ಆಸ್ಪತ್ರೆಯ ಎದುರಿನ ಬೇವಿನ ಕಟ್ಟೆಯ ಮೇಲೆ ಕೂತು ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತೆ, ಯಾರಿಗೂ ಹೇಳದ ಮಾತನ್ನೂ ಹೇಳಿದೆ. ಅವಳು ಬಹಳ ಹೊತ್ತು ನನ್ನ ಕೈ ಬಿಡಲಿಲ್ಲ. ಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುವ ಚಟ ಅವ್ವನಿಗೆ. ಅವತ್ತೂ ಕಣ್ಣೊರೆಸಿಕೊಂಡು, ಎದುರಿಗಿದ್ದುದನ್ನು ಓದಿದಳು. “ಮನೋರೋಗ ವಿಭಾಗ. ಇಲ್ಲಿ ಏನ್ ನೋಡ್ತಾರ?”

“ಮನಸ್ಸಿಗೆ ತ್ರಾಸಾದವರನ್ನ ನೋಡ್ತಾರ.”

“ಮತ್ತ ಇಲ್ಲೇ ಕಲಿಯಾವ್ರನ್ನ ನೋಡಂಗಿಲ್ಲೇನು?”

ದಿನಾ ಆ ಬಾಗಿಲ ಮುಂದಿನಿಂದಲೇ ಮೆಸ್ಸಿಗೆ ಹೋಗುತ್ತಿದ್ದೆ ನಾನು. ಅದು ಊರಿನ ರೋಗಿಗಳಿಗೆಂದು ಇರುವುದು, ನಮಗಲ್ಲ ಎಂದುಕೊಂಡಿದ್ದೆ. ಅವ್ವ ಎದ್ದು ಹೋಗಿ ಚೀಟಿ ಮಾಡಿಸಿದಳು. ಒಳಗೆ ಬೆಂಚಿನ ಮೇಲೆ ನಮ್ಮ ಸೀನಿಯರ್ ಒಬ್ಬಳು ಕೂತಿದ್ದಳು, ಪ್ರತಿ ವರ್ಷ ಚಿನ್ನದ ಪದಕ ಹೊಡೆಯುವವಳು. ನನ್ನನ್ನು ನೋಡಿ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು. ಅರ್ಧ ಜಡ್ಡು ಅಲ್ಲೇ ಇಳಿಯಿತು ಎನ್ನಬೇಕು. ಉಳಿದರ್ಧಕ್ಕೆ ಕೆಲವು ತಿಂಗಳು ಮಾತ್ರೆ, ಮಾತುಕತೆ ಎಲ್ಲ ಬೇಕಾಯಿತು. ಡಾಕ್ಟರಮ್ಮ ನನ್ನನ್ನು ಕೇಳಿದ್ದಕ್ಕೆಲ್ಲ ಅವ್ವನೇ ಉತ್ತರ ಕೊಡತೊಡಗಿದ್ದರಿಂದ ಅವಳನ್ನು ಹೊರಗೆ ಕೂರಿಸಿದರು. ಅದರ ಸಿಟ್ಟು ಅವಳಿಗೆ ಇನ್ನೂ ಇದೆ.

ಇದನ್ನೆಲ್ಲ ಸುಮಾಳ ಸೀಟು ಆದಾಗ ಅವಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದೆ. ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡೇ ಕೇಳಿದ್ದಳು. ಕೇಳಿದಳೋ ಇಲ್ಲವೋ, ಯಾರಿಗೆ ಗೊತ್ತು.

ಇವತ್ತು ಆ ಡಬ್ಬಿ ಹಿಡಿದು ನಿಂತಾಗ ಇದೇ ಚಿಂತೆ. ನನ್ನ ದವಾಖಾನೆಗೆ ಇವತ್ತು ರಜೆ ಎಂದು ಹೇಳಿ ಕಳಿಸಿ, ಚಪ್ಪಲಿ ಮೆಟ್ಟುವಷ್ಟರಲ್ಲಿ ಫೋನು ಬಂತು.

“ಅತ್ತಿ, ಡಬ್ಬಿ ಮುಟ್ಟೇತೇನು?”

“ಮುಟ್ಟೇತಿ. ಬರಿದ ಐತಿ.”

“ಬೇಕಂತ ಹಂಗ ಕಳಿಸೇನಿ. ಫೋನಿನಾಗ ಹೇಳಾಕ ಬಾಯಿ ಬರಲಿಲ್ಲ. ನೀ ಹೇಳಿದ್ದು ನೆನಪಿತ್ತು. ಮುಂಜಾನೆ ನಾನ ಹೋಗಿ ಚೀಟಿ ಮಾಡಿಸೇನಿ. ಬೆಂಚಿನ ಮ್ಯಾಲೆ ಕುಂತೇನಿ. ನೀ ಬರ್ತಿಯಲ್ಲ?”

“ಹೊಂಟೇನಿ. ಬಾಜೂಕ ಜಾಗಾ ಹಿಡಿದಿರು.”

“ಹಂಗಂದ್ರ ಬರುವಾಗ ರೊಟ್ಟಿ ಹಿಂಡಿ ತಗೊಂಡು ಬಾ ಅತ್ತಿ,” ಎಂದಳು. “ಹಸಿವಾಗೇತಿ.”