ಹತ್ತು ಗಂಟೆಯವರೆಗಿನ ಬೀಗದಕೈ

ರೆಸ್ಟೋರೆಂಟಿನ ಆ ಸಪ್ಲೈಯರನ್ನು ನಾನು ಮೊದಲು ಕಂಡದ್ದು ವಾರ್ಷಿಕ ಪರೀಕ್ಷೆಗೆ ಒಂದು ತಿಂಗಳು ಉಳಿದಿದ್ದಾಗ, ಬೆಳಗಿನ ಒಂಬತ್ತೂವರೆಗೆ. ಹತ್ತನೆಯ ತರಗತಿಗೆ ಇಟ್ಟಿದ್ದ ವಿಶೇಷ ಪಾಠಕ್ಕೆ ಗಣಿತದ ಮೇಷ್ಟ್ರು ಬಂದಿರಲಿಲ್ಲ. ಮುಖ್ಯೋಪಾಧ್ಯಾಯನಾದ ನಾನೇ ಹುಡುಕಲು ಹೊರಟೆ. ತರಗತಿಯ ನಾಯಕಿ ಜೊತೆಗೆ ಬಂದಳು.

"ಹಿಂದಿನ ಬೀದಿಗೆ ಹೋಗೋದು ನೋಡಿದೆ ಸರ್. ಅಲ್ಲಿ ರೆಸ್ಟೋರೆಂಟಲ್ಲಿ ನಮ್ಮಪ್ಪ ಇದ್ದಾರೆ, ಕೇಳೋಣ ಬನ್ನಿ" ಎಂದಳು. ಆ ಮಾತಿನಲ್ಲಿ ಸಣ್ಣದೊಂದು ಹೆಮ್ಮೆಯಿತ್ತು.

ಅದು ಬಾರೂ ಹೌದು. ತಿಂಡಿಗೆ ಒಂಬತ್ತಕ್ಕೆ ಬಾಗಿಲು ತೆರೆಯುತ್ತಿತ್ತು. ಮದ್ಯ ಕೊಡಲು ಕಾನೂನಿನಂತೆ ಹತ್ತಾಗಬೇಕು. ಮೇಷ್ಟ್ರು ಮೂಲೆಯ ಮೇಜಿನಲ್ಲಿ ಪಿಂಗಾಣಿ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದರು. ಹೆಗಲ ಮೇಲೆ ಬಟ್ಟೆ ಹಾಕಿಕೊಂಡಿದ್ದ ಸಪ್ಲೈಯರ್ ಓಡಿ ಬಂದರು. ಅವರೇ ಹುಡುಗಿಯ ತಂದೆ.

"ಟೀ ಕುಡೀತಿದ್ದಾರೆ ಸರ್. ಈಗ ಕಳಿಸ್ತೀನಿ."

ಮೇಷ್ಟ್ರು ತಡಬಡಿಸಿ ಎದ್ದರು. ಹುಡುಗಿ ಮನೆಯ ಅಭ್ಯಾಸದಂತೆ ಕಪ್ಪನ್ನೆತ್ತಿಕೊಂಡು ತೊಟ್ಟಿಯ ಕಡೆ ನಡೆದವಳು ಅರ್ಧಕ್ಕೇ ನಿಂತಳು. ಅದರಿಂದ ಆವಿ ಏಳುತ್ತಿರಲಿಲ್ಲ, ವಾಸನೆ ಏಳುತ್ತಿತ್ತು. ಎದುರಿನ ಗೋಡೆಯ ಮೇಲೆ ಗುಂಡಗಿನ ಅಕ್ಷರದ ಫಲಕವಿತ್ತು: ಮದ್ಯ ಹತ್ತು ಗಂಟೆಯಿಂದ ಮಾತ್ರ, ಒತ್ತಾಯಿಸಬೇಡಿ.

"ಅಪ್ಪಾ, ಆ ಬೋರ್ಡು ನೀನೇ ಬರೆದಿದ್ದಲ್ವಾ?"

ಅವರು ಒಣಗಿದ್ದ ಮೇಜನ್ನೇ ಒರೆಸತೊಡಗಿದರು.

ಮೂರು ದಿನ ಬಿಟ್ಟು ಹುಡುಗಿಯ ತಂದೆ ನನ್ನ ಕೊಠಡಿಗೆ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಮೇಷ್ಟ್ರ ಕೈ ನಡುಗ್ತಿತ್ತು ಸರ್, ಚಾಕ್‌ಪೀಸ್ ಹಿಡಿಯೋಕೂ ಆಗಲ್ಲ ಅಂದ್ರು. ಒಂದು ಪೆಗ್ ಹೋದ್ರೆ ನಡುಕ ನಿಲ್ಲುತ್ತೆ, ಮಗಳಿಗೆ ಪಾಠ ಆಗುತ್ತೆ ಅಂತ ನಾನೇ ಕೊಡ್ತಾ ಬಂದೆ. ಎರಡು ತಿಂಗಳಾಯ್ತು. ಮಾಲೀಕರಿಗೆ ಗೊತ್ತಿಲ್ಲ. ಈಗ ಮಗಳು ತಟ್ಟೆ ಇಡ್ತಾಳೆ, ಮುಖ ನೋಡಲ್ಲ. ಬೈದುಬಿಟ್ಟಿದ್ರೂ ಆಗ್ತಿತ್ತು."

ಅವರನ್ನು ಗದರಲು ನನಗೆ ಬಾಯಿ ಬರಲಿಲ್ಲ. ಮೇಷ್ಟ್ರು ಬೆಳಗ್ಗೆ ಬೆಳಗ್ಗೆ ಏಲಕ್ಕಿ ಅಗಿಯುವುದನ್ನು ನಾನು ಎರಡು ತಿಂಗಳಿಗಿಂತ ಹೆಚ್ಚು ಕಾಲ ಕಂಡಿದ್ದೆ. "ಏನ್ ಮೇಷ್ಟ್ರೇ, ಘಮಘಮ!" ಎಂದು ನಕ್ಕೂ ಇದ್ದೆ. ಅದನ್ನು ಅವರಿಗೆ ಹೇಳಿದೆ. ಇಬ್ಬರೂ ತಲೆ ತಗ್ಗಿಸಿ ನಿಂತೆವು.

ಮೇಷ್ಟ್ರನ್ನು ರಜೆ ಹಾಕಿಸಿ ಚಿಕಿತ್ಸೆಗೆ ಕಳುಹಿಸಿದೆ. ಉಳಿದ ಪಾಠಗಳನ್ನು ನಾನೇ ಮಾಡಿದೆ. ಸಪ್ಲೈಯರ್ ಮಾಲೀಕರೆದುರು ಎಲ್ಲವನ್ನೂ ಒಪ್ಪಿಕೊಂಡು ಬೈಸಿಕೊಂಡರು, ಕೆಲಸ ಹೇಗೋ ಉಳಿಯಿತು. ಮರುದಿನದಿಂದ ಅವರು ಬಾಗಿಲು ತೆರೆದೊಡನೆ ಮದ್ಯದ ಬೀರುವಿನ ಬೀಗದಕೈಯನ್ನು ಪಕ್ಕದ ಕ್ಷೌರಿಕನ ಅಂಗಡಿಗೆ ಕೊಂಡೊಯ್ದು, ಕನ್ನಡಿಯ ಬದಿಯ ಮೊಳೆಗೆ ತೂಗುಹಾಕತೊಡಗಿದರು. ಹತ್ತು ಹೊಡೆದ ಮೇಲಷ್ಟೇ ವಾಪಸು ತರುತ್ತಿದ್ದರು.

ಶಾಲೆಗೆ ಹೋಗುವಾಗ ಮಗಳು ಆ ಅಂಗಡಿಯ ಮುಂದೆ ಒಂದು ಗಳಿಗೆ ನಿಂತು ಒಳಗೆ ಇಣುಕುತ್ತಿದ್ದಳಂತೆ. ಹದಿನೈದನೆಯ ದಿನ ಅವಳು ರೆಸ್ಟೋರೆಂಟಿನ ಮೆಟ್ಟಿಲು ಹತ್ತಿ, "ನಿನ್ನ ಕನ್ನಡಕ ಮನೇಲೇ ಮರೆತು ಬಂದಿದ್ದೀಯ, ತಗೋ ಅಪ್ಪಾ" ಎಂದಳಂತೆ. ಇದನ್ನು ನನಗೆ ಹೇಳುತ್ತಾ ಅವರು ಕನ್ನಡಕ ತೆಗೆದು ಹೆಗಲ ಬಟ್ಟೆಯಲ್ಲಿ ಒರೆಸಿದರು.

ಇದೆಲ್ಲ ಆಗಿ ಇಪ್ಪತ್ತು ವರ್ಷ ಕಳೆಯಿತು. ಮಗಳೀಗ ಆಸ್ಪತ್ರೆಯಲ್ಲಿ ದಾದಿ. ಅಪ್ಪ ಇನ್ನೂ ಆ ರೆಸ್ಟೋರೆಂಟಿನಲ್ಲೇ ಇದ್ದಾರೆ, ತಲೆ ಪೂರ್ತಿ ನರೆತಿದೆ. ಹೋದ ವಾರ ನಾನು ಕ್ಷೌರಕ್ಕೆ ಕುಳಿತಿದ್ದಾಗ ಬೀಗದಕೈ ಹಿಡಿದು ಬಂದರು.

"ಏನಣ್ಣಾ, ಇನ್ನೂ ನಿನ್ನ ಮೇಲೆ ನಿನಗೇ ಅನುಮಾನವಾ?" ಎಂದು ಕ್ಷೌರಿಕ ಕೆಣಕಿದ.

"ಅನುಮಾನ ಅಲ್ಲ ಕಣಯ್ಯಾ. ಕೈಲಿದ್ರೆ ಕೊಟ್ಟುಬಿಡ್ತೀನಿ ಅಂತ ಗೊತ್ತು."

ಕನ್ನಡಿಯಲ್ಲಿ ನನ್ನನ್ನು ಕಂಡು ಕಣ್ಣು ತಗ್ಗಿಸಿದರು. "ಟೀ ಕಳಿಸ್ತೀನಿ ಸರ್" ಎಂದು ಹೇಳಿ, ಬೀಗದಕೈಯನ್ನು ಮೊಳೆಗೆ ಹಾಕಿ, ಮೇಜು ಒರೆಸಲು ಹೋದರು.