ನಮ್ಮ ಹಸಿರು ಗೋಡೆಯ ಮುಂದೆ ಯಾರದೋ ಸೋಫಾ

ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ಮಂಡಕ್ಕಿ ಒಗ್ಗರಣೆಯ ತಟ್ಟೆ ಹಿಡಿದು ಕೂತಿದ್ದೆ. ಹೊಸದುರ್ಗದಿಂದ ನನ್ನ ಹೆಂಡತಿಯ ತಮ್ಮ ಬಸವರಾಜನ ಫೋನು. "ಭಾವ, ನಿಮ್ಮನೆ ಸಾಮಾನೆಲ್ಲ ಮಾರಾಟಕ್ಕೆ ಬಂದೈತಲ್ಲ. ಏನ್ ಕಷ್ಟ ಬಂತು? ನಮಗೊಂದು ಮಾತು ಹೇಳಬಾರದಾ?" ಅಂದ.

ತಟ್ಟೆ ಪಕ್ಕಕ್ಕಿಟ್ಟೆ.

ಅವನು ತನ್ನ ಅಂಗಡಿಗೆ ಒಂದು ಟೇಬಲ್ ಬೇಕೆಂದು ಹಳೇ ಸಾಮಾನು ಮಾರುವ ಆ್ಯಪ್ ನೋಡುತ್ತಿದ್ದನಂತೆ. ಅಲ್ಲಿ ಸಿಕ್ಕ ಫೋಟೋಗಳನ್ನು ನನಗೂ ಕಳಿಸಿದ. ಮೂರು ಸೀಟಿನ ಸೋಫಾ. ಫ್ರಿಜ್. ಮಂಚ. ಮಗುವಿನ ವಾಕರ್. ಒಂದು ಜೊತೆ ಸೂಟ್‌ಕೇಸ್. ಸಾಮಾನಿನ ಗುರುತು ನನಗೆ ಹತ್ತಲಿಲ್ಲ. ಆದರೆ ಹಿಂದಿದ್ದ ಗೋಡೆ? ಆ ಗಿಳಿಹಸಿರು ಇಡೀ ಚಿತ್ರದುರ್ಗದಲ್ಲಿ ಇನ್ನೊಂದು ಮನೆಗಿಲ್ಲ. ಹಿರಿಯೂರಿನ ಪೇಂಟ್ ಅಂಗಡಿಯಲ್ಲಿ ಯಾರೋ ಬೇಡವೆಂದು ಬಿಟ್ಟುಹೋದ ಡಬ್ಬಗಳನ್ನು ಅರ್ಧ ರೇಟಿಗೆ ತಂದು ನಮ್ಮ ಮಹಡಿ ಮನೆಗೆ ಬಳಿಸಿದವನು ನಾನೇ. (ದಿನಾ ನೋಡುವವರು ಬಾಡಿಗೆಯವರು ತಾನೇ ಎಂಬ ಧೈರ್ಯ.)

ಅಂದರೆ ಇದು ಮಹಡಿಯ ಸವಿತಾಳ ಕೆಲಸ.

ಸವಿತಾ ನಮ್ಮ ಬಾಡಿಗೆದಾರಳು. ಗಂಡ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದು ಕಡಿಮೆ. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಸವಿತಾ ಪೇಟೆಯ ಸೀರೆ ಅಂಗಡಿಯೊಂದರಲ್ಲಿ ಗಿರಾಕಿಗಳ ಮುಂದೆ ಸೀರೆ ಬಿಚ್ಚಿ ತೋರಿಸುವ ಕೆಲಸದಲ್ಲಿದ್ದಳು. ಆ ಅಂಗಡಿ ಮುಚ್ಚಿತು. ಆಮೇಲೆ ಏನು ಮಾಡುತ್ತಿದ್ದಾಳೆಂದು ನಾನು ಕೇಳಿರಲಿಲ್ಲ. ಹೊತ್ತು ಮುಳುಗುವ ವೇಳೆಗೆ ಹಿಂದಿನ ಗೇಟಿನಲ್ಲಿ ಲಗೇಜ್ ಆಟೋ ಬಂದು ನಿಲ್ಲುವುದನ್ನು, ಬೆಡ್‌ಶೀಟ್ ಹೊದ್ದ ಏನೇನೋ ಮೆಟ್ಟಿಲು ಹತ್ತಿ ಇಳಿಯುವುದನ್ನು ಕಂಡಿದ್ದೆ. ಈಗ ಎಲ್ಲ ಅರ್ಥವಾಯಿತು. ಸಾಮಾನು ಮಾರಿ, ಮನೆ ಬಿಟ್ಟು, ಹೇಳದೆ ಕೇಳದೆ ಹೊರಡುವ ಏರ್ಪಾಡು. ಅದಕ್ಕೇ ಸೂಟ್‌ಕೇಸ್ ಕೂಡ ಹೊರಗೆ ಬಂದಿವೆ!

(ನನ್ನ ಈ ತರ್ಕದಲ್ಲಿ ಒಂದು ದೊಡ್ಡ ತೂತಿದೆ. ನಿಮಗೆ ಕಂಡಿರಬಹುದು. ನನಗೆ ಕಾಣಲಿಲ್ಲ.)

ನಮ್ಮ ಕಡೆ "ಅವರು ಮನೆ ಸಾಮಾನು ಮಾರಿದರಂತೆ" ಎಂದರೆ ಸಾಕು, ಉಳಿದದ್ದನ್ನು ಕೇಳಿದವರೇ ತುಂಬಿಕೊಳ್ಳುತ್ತಾರೆ. ಗಂಡ ಇಸ್ಪೀಟಿಗೆ ಬಿದ್ದ, ವ್ಯಾಪಾರ ಮುಳುಗಿತು, ಮನೆಯಲ್ಲಿ ಬಿರುಕು. ಹೊಸದು ತಂದರೆ ಬೀದಿಗೆಲ್ಲ ತೋರಿಸಿ ಪೂಜೆ ಮಾಡುತ್ತೇವೆ. ಹಳೆಯದನ್ನು ಕೊಡುವಾಗ ಕಳ್ಳರ ಹಾಗೆ ಕೊಡುತ್ತೇವೆ. ಅದೂ ಮಂಗಳವಾರ ಬೇಡ, ಶುಕ್ರವಾರ ಬೇಡ, ಲಕ್ಷ್ಮಿ ಹೊರಟುಬಿಡುತ್ತಾಳೆ. ಮುರಿದ ಮಿಕ್ಸಿಯ ಜೊತೆ ಲಕ್ಷ್ಮಿ ಯಾಕೆ ಹೋಗುತ್ತಾಳೆ ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿದವನಲ್ಲ.

ನನ್ನದು ಮೊದಲೇ ಮುಂಗೋಪ. ಹೊಳಲ್ಕೆರೆಯಿಂದ ವರ್ಗವಾಗಿ ಬರಲಿದ್ದ ಬ್ಯಾಂಕ್ ಗುಮಾಸ್ತರೊಬ್ಬರು ಮನೆ ಇದ್ದರೆ ಹೇಳಿ ಎಂದು ಕೇಳಿಟ್ಟಿದ್ದರು. ಅವರಿಗೆ ಫೋನ್ ಹಚ್ಚಿ, ಮಹಡಿ ಖಾಲಿಯಾಗುತ್ತಿದೆ, ಬಂದು ನೋಡಿ ಎಂದುಬಿಟ್ಟೆ. ಅವರು ಸಂತೋಷದಿಂದ, ಹಾಲು ಉಕ್ಕಿಸಲು ಒಳ್ಳೆಯ ದಿನ ನೋಡುತ್ತೇವೆ ಅಂದರು. ನನ್ನ ಹೆಂಡತಿ ವಿಶಾಲಾಕ್ಷಿ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಏನೂ ಅನ್ನಲಿಲ್ಲ. ನಮ್ಮನೆಯಲ್ಲಿ ಅದು ಅಪರೂಪ. ಅನುಮಾನ ಬರಬೇಕಿತ್ತು, ಬರಲಿಲ್ಲ.

ದಡದಡ ಮೆಟ್ಟಿಲು ಹತ್ತಿದೆ. ಸವಿತಾ ಒಂದು ಗ್ಯಾಸ್ ಸ್ಟೌವನ್ನು ಹುಣಸೆಹಣ್ಣು ಹಾಕಿ ಫಳಫಳ ಉಜ್ಜುತ್ತಿದ್ದಳು. "ಬರ್ರಿ ಸಾರ್, ಕುಂತ್ಕಳ್ರಿ" ಅಂದಳು. ಕೂರಲಿಲ್ಲ. ಕೂತರೆ ಸಿಟ್ಟು ಇಳಿಯುತ್ತದೆ. ಫೋನ್ ಮುಂದೆ ಹಿಡಿದು, ಏನಮ್ಮ ಇದೆಲ್ಲ, ಊರು ಬಿಡುವುದಾದರೆ ಮನೆ ಮಾಲೀಕರಿಗೆ ಒಂದು ಮಾತು ಹೇಳುವುದಿಲ್ಲವಾ ಎಂದು ಗದರಿದೆ.

ಅವಳು ಗಾಬರಿಯಾಗಲಿಲ್ಲ. ಕೈ ತೊಳೆದುಕೊಂಡು ಬಂದು ನಿಧಾನಕ್ಕೆ ಹೇಳಿದಳು. ಇದ್ಯಾವುದೂ ಅವಳದಲ್ಲವಂತೆ. ಅಂಗಡಿ ಮುಚ್ಚಿದ ಮೇಲೆ ತನ್ನದೇ ಒಂದು ಹೊಲಿಗೆ ಮಷೀನು ಫೋನಿನಲ್ಲಿ ಹಾಕಿ ಮಾರಿದಳಂತೆ. ಅದನ್ನು ಕಂಡ ಪರಿಚಯದವರೊಬ್ಬರು, ನಮ್ಮದೂ ಒಂದು ಐತೆ, ಯಾರಿಗೂ ಗೊತ್ತಾಗದ ಹಾಗೆ ಮಾರಿಕೊಡು ಅಂದರಂತೆ. ಅವರಿಂದ ಇನ್ನೊಬ್ಬರು, ಇನ್ನೊಬ್ಬರಿಂದ ಮತ್ತೊಬ್ಬರು. ಸಾಮಾನು ಇವಳ ಮನೆಗೆ ಬರುತ್ತದೆ. ಇವಳು ತೊಳೆದು, ಒರೆಸಿ, ಫೋಟೋ ತೆಗೆದು ಹಾಕುತ್ತಾಳೆ. ಚೌಕಾಸಿ ಇವಳದೇ, ಮಾತು ಇವಳದೇ. ಮಾರಿದ್ದರಲ್ಲಿ ಸ್ವಲ್ಪ ಕಮಿಷನ್. ಅವರವರ ಮನೆಯಲ್ಲೇ ಫೋಟೋ ತೆಗೆಯಬಹುದಿತ್ತಲ್ಲ ಅಂದೆ. "ಅವರ ಮನೆ ಗೋಡೆ ಅವರ ನೆಂಟರಿಗೆ ಗೊತ್ತಿರ್ತೈತಲ್ಲ ಸಾರ್" ಅಂದಳು. ನನ್ನ ಗೋಡೆ ನನ್ನ ನೆಂಟನಿಗೆ ಗೊತ್ತಿರುವ ಹಾಗೆ.

ಮಾತು ಸರಿಯಾಗೇ ಇತ್ತು. ಆದರೆ ಸಿಟ್ಟಿನಲ್ಲಿ ಮೆಟ್ಟಿಲು ಹತ್ತಿದವನಿಗೆ ಅಷ್ಟು ಸುಲಭಕ್ಕೆ ಇಳಿಯಲು ಆಗುತ್ತದಾ? ನಂಬಬೇಕಾದರೆ ಯಾರ ಸಾಮಾನು ಹೇಳು ಎಂದು ಪಟ್ಟು ಹಿಡಿದೆ. ಸೋಫಾ ಯಾರದು? ಹೇಳಲಿಲ್ಲ. ಫ್ರಿಜ್? ಇಲ್ಲ. ಹೋಗಲಿ, ಈ ಸೂಟ್‌ಕೇಸ್ ಯಾರದು, ಅದೊಂದು ಹೇಳಿಬಿಡು ಅಂದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು.

ಹೊಳಲ್ಕೆರೆಯವರಿಗೆ ಮಾತು ಕೊಟ್ಟಾಗಿದೆ, ಹೆಸರು ಹೇಳದಿದ್ದರೆ ಮನೆ ಖಾಲಿ ಮಾಡಬೇಕಾಗುತ್ತದೆ ಎಂದೆ. ಒಳಗೆ ಮಗಳು ಓದುತ್ತಿದ್ದ ದನಿ ನಿಂತಿತು. ಪರೀಕ್ಷೆಯ ವರ್ಷ, ಸ್ಕೂಲು ಪಕ್ಕದ ಬೀದಿಯಲ್ಲಿ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂದೆ.

"ಮನೆ ಬೇಕಾದ್ರೆ ಖಾಲಿ ಮಾಡ್ತೀನಿ ಸಾರ್. ಹೆಸರು ಹೇಳಲ್ಲ" ಅಂದಳು ಸವಿತಾ. "ಅವರು ಕಮಿಷನ್ ಕೊಡೋದು ಮಾರಿದ್ದಕ್ಕಲ್ಲ. ಬಾಯಿ ಮುಚ್ಕಂಡಿರೋದಕ್ಕೆ. ಇವತ್ತು ಒಂದು ಹೆಸರು ಹೇಳಿದ್ರೆ ನಾಳೆ ನನ್ನ ಬಾಗಿಲಿಗೆ ಯಾರ್ ಬರ್ತಾರೆ? ಮನೆ ಇನ್ನೊಂದು ಹುಡುಕಬೌದು. ಈ ಕೆಲಸ ಇನ್ನೊಂದು ಸಿಗಾಕಿಲ್ಲ."

ನನ್ನ ಸಿಟ್ಟಿಗೆ ಕಾಲೇ ಇಲ್ಲದಂತಾಯಿತು. ಹಾಗಂತ ಬಾಯಿ ಸುಮ್ಮನಿರಲಿಲ್ಲ. ಏನೋ ಇನ್ನೂ ಅನ್ನಲು ಹೊರಟಿದ್ದೆ. ಹಿಂದಿನಿಂದ ದನಿ ಬಂತು.

"ರೀ, ಸೂಟ್‌ಕೇಸ್ ನಮ್ದೇ. ನಾನೇ ಕೊಟ್ಟಿದ್ದು."

ವಿಶಾಲಾಕ್ಷಿ ಮೆಟ್ಟಿಲ ಮೇಲೆ ನಿಂತಿದ್ದಳು. ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು. ಮುಖದಲ್ಲಿ ಹೆದರಿಕೆ ಇರಲಿಲ್ಲ, ಇನ್ನು ಸಾಕು ಎಂಬ ಭಾವ ಇತ್ತು. "ಅಲ್ರೀ, ಊರು ಬಿಡೋರು ಯಾರಾದ್ರೂ ಸೂಟ್‌ಕೇಸ್ ಮಾರ್ತಾರೇನ್ರಿ?" ಅಂದಳು.

ನಾನು ಮತ್ತೆ ಫೋಟೋ ನೋಡಿದೆ. ನೇರಳೆ ಬಣ್ಣದ ಜೊತೆ ಸೂಟ್‌ಕೇಸ್. ಹೌದಲ್ಲ! ನಾನೇ ಆರಿಸಿ ತಂದದ್ದು. ಕೇದಾರಕ್ಕೆ ಹೋಗಾಣ ಎಂದು ತಂದವು. ಆ ವರ್ಷ ನಾನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ರಜೆ ಸಿಗಲಿಲ್ಲ. ಮರುವರ್ಷ ಮಂಡಿನೋವು. ಆಮೇಲೆ ಯಾಕೆ ಹೋಗಲಿಲ್ಲವೋ ನೆನಪಿಲ್ಲ. ಅವು ಅಟ್ಟ ಹತ್ತಿದವು. ಅಟ್ಟದಿಂದ ಇಳಿದು, ನನ್ನ ತಲೆಯ ಮೇಲಿನ ಮಹಡಿಗೆ ಹೋಗಿ, ಮಾರಾಟವಾಗಿ, ಬೇರೆ ಊರು ಸೇರಿದರೂ ನನಗೆ ಗೊತ್ತಾಗಲಿಲ್ಲ. ಇಲ್ಲವೆನ್ನುವುದೇ ಗೊತ್ತಾಗದ ಸಾಮಾನನ್ನು ನಮ್ಮದು ಎಂದು ಯಾವ ಬಾಯಲ್ಲಿ ಹೇಳುವುದು?

ಕೇಳಬಹುದಿತ್ತಲ್ಲ ಅಂದೆ. ದನಿ ಅರ್ಧಕ್ಕಿಳಿದಿತ್ತು. ಕೇಳಿದರೆ "ಇರ್ಲಿ, ಬೇಕಾಗುತ್ತೆ" ಅಂತೀರಿ, ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ ಅಂದಳು. ಅದು ನಿಜ. ಆ್ಯಪಿನಿಂದ ಫೋಟೋ ತೆಗೆದಿರಲಿಲ್ಲ ಅಷ್ಟೆ, ಸೂಟ್‌ಕೇಸ್ ಆಗಲೇ ಕೊಂಡದ್ದು ಮದಕರಿಪುರದ ಒಬ್ಬ ಹುಡುಗಿಯಂತೆ. ನರ್ಸಿಂಗ್ ಸೀಟು ಸಿಕ್ಕು ಹಾಸ್ಟೆಲಿಗೆ ಹೊರಟವಳು. ಅಪ್ಪನ ಜೊತೆ ಬಂದು, ಜಿಪ್ಪು ಎಳೆದು ಎಳೆದು ನೋಡಿ, ಎರಡನ್ನೂ ತಾನೇ ಎತ್ತಿಕೊಂಡು ಮೆಟ್ಟಿಲಿಳಿದಳಂತೆ. ಆ ಹೊತ್ತಿಗೆ ನಾನು ಎಲ್ಲಿದ್ದೆ? ಕೆಳಗೆ ಕೂತು ಪತ್ರಿಕೆಯ ಈ ಅಂಕಣಕ್ಕೆ ಬರೆಯುತ್ತಿದ್ದೆನಂತೆ.

"ಮತ್ತೆ ಆ ದುಡ್ಡು?" ಅಂದೆ.

"ಶ್ರೀಶೈಲಕ್ಕೆ ಬಸ್ಸಲ್ಲಿ ಎರಡು ಸೀಟು ಹಾಕ್ಸೀನಿ. ಕೇದಾರ ನಿಮ್ಮ ಮಂಡಿಗೆ ಆಗಾಕಿಲ್ಲ. ಒಂದು ಬ್ಯಾಗ್ ಸಾಕು, ಹೋಗಾಣ."

ಸವಿತಾಳ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ನನ್ನ ಹೆಂಡತಿ ಬಾಯಿ ಬಿಡುವವರೆಗೂ ಅವಳು ಆ ಹೆಸರು ಬಿಡಲಿಲ್ಲ ನೋಡಿ. ಎದುರಿಗೆ ನಿಂತು ಮನೆ ಬಿಡು ಎನ್ನುತ್ತಿರುವವನಿಗೆ "ನಿಮ್ದೇ ಸಾರ್" ಎಂದಿದ್ದರೆ ಮುಗಿದೇಹೋಗುತ್ತಿತ್ತು. ಮನೆ ಉಳಿಯುತ್ತಿತ್ತು. ಆದರೂ ಅನ್ನಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು, ಅದರ ಜೊತೆಗೇ ಹೆಮ್ಮೆಯೂ ಆಯಿತು. ಇಂಥವಳು ನಮ್ಮ ಮನೆಯಲ್ಲಿ ಬಾಡಿಗೆಗಿದ್ದಾಳೆ ಎಂಬ ಹೆಮ್ಮೆ.

ಅಲ್ಲೇ ನಿಂತು ಹೊಳಲ್ಕೆರೆಗೆ ಫೋನ್ ಮಾಡಿದೆ. ಮನೆ ಖಾಲಿಯಾಗುವುದಿಲ್ಲ, ತಪ್ಪು ತಿಳಿದಿದ್ದೆ, ಬೇರೆ ಮನೆ ಹುಡುಕಲು ನಾನೇ ಜೊತೆಗೆ ಓಡಾಡುತ್ತೇನೆ ಅಂದೆ. ಅವರು ಸ್ವಲ್ಪ ಗೊಣಗಿದರು, ನ್ಯಾಯವೇ. (ಹುಡುಕಿಕೊಟ್ಟೆ. ಗೋಡೆ ತಿಳಿನೀಲಿ. ನಮ್ಮದಕ್ಕಿಂತ ಚೆನ್ನಾಗಿದೆ.)

ಅಷ್ಟಕ್ಕೆ ಮುಗಿಯಿತಾ? ಇಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಯೋಚನೆ ಹತ್ತಿತು. ಸವಿತಾ ಇಡೀ ಬಡಾವಣೆಯ ಸಂಕೋಚವನ್ನು ತಾನು ಹೊತ್ತುಕೊಂಡಿದ್ದಾಳೆ. ನಾವೆಲ್ಲ ನಮ್ಮ ಹೆಸರು ಉಳಿಸಿಕೊಂಡಿದ್ದೇವೆ, ಹೋಗುತ್ತಿರುವುದು ಅವಳ ಹೆಸರು. ಇವತ್ತು ನಾನು ಅನುಮಾನಪಟ್ಟೆ. ನಾಳೆ ಅವಳ ಮಗಳನ್ನು ಸ್ಕೂಲಿನಲ್ಲಿ ಯಾರಾದರೂ, ನಿಮ್ಮನೆ ಸಾಮಾನೆಲ್ಲ ಮಾರ್ತಾ ಇದೀರಂತಲ್ಲ ಎಂದು ಕೇಳಬಹುದು. ಅದಕ್ಕೂ ಸೇರಿಸಿ ಕಮಿಷನ್ ಕೊಡುತ್ತೇವಾ ನಾವು?

ಮರುದಿನ ಬೆಳಗ್ಗೆ ಜನ ಓಡಾಡುವ ಹೊತ್ತಿಗೆ ನಾನೂ ವಿಶಾಲಾಕ್ಷಿಯೂ ನಮ್ಮ ಹಳೇ ಗ್ರೈಂಡರನ್ನು ಮುಂದಿನ ಅಂಗಳಕ್ಕೆ ತಂದಿಟ್ಟೆವು. ಮದುವೆಯಲ್ಲಿ ಬಂದದ್ದು. ಕೆಲಸ ಮಾಡುತ್ತದೆ, ಇಬ್ಬರಿಗೆ ಅಷ್ಟು ದೊಡ್ಡದು ಬೇಡ. ಸವಿತಾಳನ್ನು ಕೆಳಗೆ ಕರೆದು, ಫೋಟೋ ಇಲ್ಲೇ ತೆಗಿ, ಗ್ರೈಂಡರ್ ಪಕ್ಕ ನಾನೂ ನಿಲ್ಲುತ್ತೇನೆ, ಯಾರ ಸಾಮಾನು ಎಂದು ಎಲ್ಲರಿಗೂ ಗೊತ್ತಾಗಲಿ ಅಂದೆ. ಎದುರುಮನೆಯವರು ಕಿಟಕಿಯಿಂದ ನೋಡಿದರು. ಹಾಲಿನವನು ಸೈಕಲ್ ನಿಲ್ಲಿಸಿ, ಏನ್ ಮೇಷ್ಟ್ರೇ, ಯಾಕ್ರಿ ಮಾರ್ತೀರಿ ಅಂದ. ಬೇಡ ಅದಕ್ಕೇ ಮಾರುತ್ತೇವೆ ಅಂದೆ. ಅವನಿಗೆ ನಂಬಿಕೆ ಬರಲಿಲ್ಲ. ಬಸವರಾಜನಿಗೂ ಬರಲಿಲ್ಲ, ಸಂಜೆ ಫೋನ್ ಮಾಡಿ ಅಕ್ಕನ ಹತ್ತಿರ ಒಳಗಿಂದೊಳಗೆ ವಿಚಾರಿಸಿದನಂತೆ. ಗ್ರೈಂಡರನ್ನು ಹೊರಕೆರೆದೇವಪುರದಲ್ಲಿ ಇಡ್ಲಿ ಅಂಗಡಿ ಇಡುತ್ತಿರುವ ಅತ್ತೆ ಸೊಸೆ ಬಂದು ಒಯ್ದರು. ನಮ್ಮನೆಯಲ್ಲಿ ಸುಮ್ಮನೆ ಕೂತಿದ್ದ ಕಲ್ಲು ಈಗ ದಿನಾ ಬೆಳಗಿನ ಜಾವ ತಿರುಗುತ್ತದೆ ಎಂದು ನೆನೆದರೆ ಸುಖವಾಗುತ್ತದೆ.

ಸಾಮಾನು ಇಟ್ಟು ಮಾರಲು ಸವಿತಾಳಿಗೆ ಮುಂದಿನ ಗೇಟಿನ ಪಕ್ಕದ ನಮ್ಮ ಕಾರ್ ಶೆಡ್ ಬಿಟ್ಟುಕೊಟ್ಟಿದ್ದೇನೆ. (ಕಾರು ಯಾವತ್ತೂ ಇರಲಿಲ್ಲ. ಅದೂ ಕೇದಾರದ ಹಾಗೆ ಒಂದು 'ಹೋಗಾಣ'.) ಒಂದು ಗೋಡೆಗೆ ಬಿಳಿ ಬಣ್ಣ ಹೊಡೆಸಿದ್ದಾಳೆ, ನನ್ನ ಹಸಿರು ಫೋಟೋಗೆ ಆಗುವುದಿಲ್ಲವಂತೆ. ಮೊದಲ ಕೆಲವು ದಿನ ಯಾರೂ ಆ ಕಡೆ ಸುಳಿಯಲಿಲ್ಲ. ಹಿಂದಿನ ಗೇಟಿಗೂ ಬರಲಿಲ್ಲ, ಮುಂದಿನದಕ್ಕೂ ಬರಲಿಲ್ಲ. ನಾನು ಒಳ್ಳೆಯದು ಮಾಡಲು ಹೋಗಿ ಅವಳ ಕೆಲಸಕ್ಕೇ ಕಲ್ಲು ಹಾಕಿದೆನಾ ಎಂದು ದಿನಾ ಗೇಟಿನ ಕಡೆ ನೋಡುತ್ತಿದ್ದೆ. ಅವಳೂ ಶೆಡ್ಡಿನಲ್ಲಿ ಸ್ಟೂಲ್ ಹಾಕಿಕೊಂಡು ಬೀದಿ ನೋಡುತ್ತ ಕೂರುತ್ತಿದ್ದಳು.

ಮೊನ್ನೆ ಶುಕ್ರವಾರ. ಹೌದು, ಶುಕ್ರವಾರ. ಬೀದಿಯ ಕೊನೆಮನೆಯ ಶಿವಣ್ಣನವರು, ರಿಟೈರ್ಡ್ ತಹಶೀಲ್ದಾರರು, ಹಣೆ ತುಂಬ ವಿಭೂತಿ, ಇಸ್ತ್ರಿ ಮುರಿಯದ ಬಿಳಿ ಅಂಗಿ. ಹೆಗಲ ಮೇಲೆ ಒಂದು ಟೇಬಲ್ ಫ್ಯಾನ್ ಇಟ್ಟುಕೊಂಡು ಬೆಳಗಿನ ಬಿಸಿಲಲ್ಲಿ ಬೀದಿಯ ಉದ್ದಕ್ಕೂ ನಡೆದು ಬಂದರು. ವೈರು ನೆಲದ ಮೇಲೆ ಎಳೆದುಕೊಂಡು ಬರುತ್ತಿತ್ತು. ಮುಂದಿನ ಗೇಟು ತಳ್ಳಿ, "ಸವಿತಮ್ಮ ಅದಾಳೇನ್ರಿ?" ಎಂದು ಬೀದಿಗೆ ಕೇಳುವ ಹಾಗೆ ಕರೆದರು. ನನ್ನ ಕಡೆ ತಿರುಗಿ, "ಆ ಸೋಫಾನೂ ನಮ್ದೇ ಇತ್ತು ಕಣ್ರಿ ಮೇಷ್ಟ್ರೇ" ಅಂದರು.

ಕಿಟಕಿಗಳೆಲ್ಲ ನೋಡುತ್ತಿದ್ದವು. ಸವಿತಾ ಎದ್ದು ಬಂದು ಎರಡೂ ಕೈಯಲ್ಲಿ ಫ್ಯಾನ್ ಇಳಿಸಿಕೊಂಡಳು. ಶಿವಣ್ಣನವರು ಅಂಗಿ ಕೊಡವಿಕೊಂಡು, ಬಂದ ದಾರಿಯಲ್ಲೇ ಎಲ್ಲರಿಗೂ ನಮಸ್ಕಾರ ಹೇಳುತ್ತ ಮನೆಗೆ ಹೋದರು.

ಅವರು ಕೊಟ್ಟುಹೋದದ್ದು ಫ್ಯಾನನ್ನು ತಾನೇ, ಮರ್ಯಾದೆಯನ್ನಲ್ಲವಲ್ಲ?